ಮಂಜಮ್ಮನ ಅವಳಿ ಮರಿಗಳು

ಆ ಟಗರನ್ನು ಅರಸೀಕೆರೆಯ ಮಂಜಮ್ಮನ ಮನೆಗೆ ತಂದುಕೊಟ್ಟವನು ನಾನೇ. ನಾಲ್ಕು ವರ್ಷದ ಹಿಂದಿನ ಮಾತು. ಪಶು ಆಸ್ಪತ್ರೆಯ ನೌಕರಿ, ಹೊಸ ತಳಿಯ ಹುಮ್ಮಸ್ಸು. ಅವಳ ಗಂಡ ಪಾಲಾಕ್ಷಪ್ಪನ ಮುಂದೆ ಕೂತು ದೊಡ್ಡ ಪಂಡಿತನ ಹಾಗೆ ವಿವರಿಸಿದ್ದೆ.

“ಅಂಡಾಶಯದಾಗ ತತ್ತಿ ಎಷ್ಟು ಬಲೀಬೇಕು ಅಂತ ಹತೋಟಿ ಮಾಡೋ ಪ್ರೋಟೀನ್ ಇರ್ತಾವ್ರಿ. ನಮ್ಮ ನಾಡಕುರಿಯಾಗ ಒಂದು ಬಲೀತಿದ್ದಂಗ ಉಳಿದವನ್ನ ತಡೀತಾವು. ಈ ತಳಿಯಾಗ ಆ ಹಿಡಿತ ಸಡ್ಲ ಐತಿ. ಇದರ ಹೆಣ್ಮರಿ ದೊಡ್ಡವಾದ್ರ ಎರಡೆರಡು ಈಯ್ತಾವು, ನೋಡ್ರಿ.”

ಪಾಲಾಕ್ಷಪ್ಪನ ಮುಖ ಅರಳಿತು. ಮಂಜಮ್ಮ ಮಾತ್ರ, “ಹಾಲೂ ಎರಡರಷ್ಟು ಬರತೈತೇನ್ರಿ ಸರ?” ಎಂದು ಕೇಳಿದಳು. ನಾನು ನಕ್ಕು ಮಾತು ತೇಲಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ವರ್ಷ ಆ ಟಗರಿನ ಹೆಣ್ಣುಮರಿಗಳು ಈದವು. ಹದಿನಾಲ್ಕರಲ್ಲಿ ಒಂಬತ್ತಕ್ಕೆ ಅವಳಿ. ಗಟ್ಟಿ ಮರಿ ಕೆಚ್ಚಲು ಹಿಡಿಯುತ್ತದೆ, ಬಡಕಲು ಮರಿ ಹಸಿದು ಬೀಳುತ್ತದೆ. ಪಾಲಾಕ್ಷಪ್ಪ ಹಿಂಡು ಹೊಡೆದುಕೊಂಡು ತೆಲಿಗಿ ಕಡೆ ಹೋಗುತ್ತಾನೆ, ಸಿಕ್ಕವರ ಮುಂದೆಲ್ಲ ಅವಳಿಯ ಸುದ್ದಿ ಹೇಳಿ ಮೀಸೆ ತಿರುವುತ್ತಾನೆ. ಆ ಒಂಬತ್ತು ಬಡಕಲು ಮರಿ ಮಂಜಮ್ಮನ ಪಾಲು. ಆಕಳ ಹಾಲು ಬೆಚ್ಚಗೆ ಮಾಡಿ, ಬಾಟಲಿಗೆ ತುಂಬಿ, ಒಂದೊಂದನ್ನೇ ತೊಡೆಗೆ ಎಳೆದುಕೊಂಡು ಕುಡಿಸಬೇಕು. ಒಂಬತ್ತನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮತ್ತೆ ಒದರುತ್ತದೆ. ಐವತ್ತೆರಡರ ಹೆಂಗಸು, ಉಂಡ ಕೈಯಲ್ಲೇ ತೂಕಡಿಸುತ್ತಾಳೆ.

“ಎರಡು ಮೂರು ಯಾರಿಗಾದರೂ ಸಾಕಾಕ ಕೊಡಬಾರ್ದೇನವ್ವ?” ಎಂದೆ.

“ಯಾರ ಮನಿಗ್ರಿ? ನಿಮ್ಮ ಟಗರು ಓಣಿಯೆಲ್ಲಾ ಓಡಾಡೈತಿ. ಎಲ್ಲಾರ ಮನ್ಯಾಗೂ ಇದೇ ಪಾಡು.”

ಅವಳ ಒಬ್ಬಳೇ ಮಗಳು ಭೂಮಿಕಾಳನ್ನು ಇಟ್ಟಿಗಿ ಊರಿಗೆ ಕೊಟ್ಟಿದೆ. ಈಗ ಎಂಟು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನದಲ್ಲವೇ? ಮಂಜಮ್ಮ ಅಂಟಿನುಂಡೆಗೆಂದು ಕೊಬ್ಬರಿ, ಅಂಟು, ಉತ್ತತ್ತಿ ಎಲ್ಲ ತಂದಿಟ್ಟಿದ್ದಳು. ಸೋಮವಾರ ಹೋಗಿ ಕರೆತರುವುದೆಂದು ಮಾತಾಗಿತ್ತು.

ಶನಿವಾರ ನಾನು ಮರಿಗಳಿಗೆ ಜಂತಿನ ಔಷಧಿ ಕುಡಿಸಲು ಹೋದಾಗ ಮಗಳ ಫೋನ್ ಬಂತು. ಮಂಜಮ್ಮನ ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಬಾಟಲಿ ಇತ್ತು. ನಾನೇ ಸ್ಪೀಕರ್ ಹಾಕಿ ಹಿಡಿದೆ.

“ಅವ್ವಾ, ನಾ ಇಲ್ಲೇ ಇರ್ತೀನಿ. ಅತ್ತಿ ಬಾಣಂತನ ಮಾಡ್ತೀನಿ ಅಂದಾರ. ನಿನಗ ಮರಿ ಕೆಲಸಾನೇ ಮುಗಿಯವಲ್ದು, ಅದರಾಗ ನಂದೂ ಎಲ್ಲಿ ಮಾಡ್ತಿ?”

ಬಾಯಿಮಾತಿಗಾದರೂ ‘ಬಾ’ ಎನ್ನುತ್ತಾಳೆಂದು ಕಾದೆ. ಮಂಜಮ್ಮ “ಆತವ್ವ” ಎಂದಳು. ಅಷ್ಟೇ. ಫೋನ್ ಕಟ್ಟಾದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಅವಳ ಮುಖದ ಬಿಗಿ ಇಳಿದಿತ್ತು. ಆಮೇಲೆ ಒಮ್ಮೆಲೇ ಅಳತೊಡಗಿದಳು.

“ಬರಲ್ಲ ಅಂದ ಕೂಡ್ಲೇ ಜೀವ ಹಗುರಾತ್ರಿ ಸರ. ಹೆತ್ತ ಮಗಳು ತವರಿಗೆ ಬರಲ್ಲ ಅಂದ್ರ ನನಗ ಹಗುರಾತು. ನಾ ಎಂಥಾ ತಾಯಿರಿ?”