ತೊಳೆಯದ ಎಂಟು ಸೀಸೆ

ಬೆಳಗಿನ ಆರು ಗಂಟೆ. ಈ ಕೋಣೆಯಲ್ಲಿ ದೀಪ ಹಚ್ಚುವಂತಿಲ್ಲ, ಬಲ್ಬಿಗೂ ಜಾಗವಿಲ್ಲ; ಕಿಟಕಿ ಬೆಳಕು ಕೊಟ್ಟಷ್ಟು ಹೊತ್ತೇ ಕೆಲಸ. ಅಳತೆಯಕ್ಕ ಚಪ್ಪಲಿ ಹೊರಗೆ ಬಿಟ್ಟು, ಮೈಯಿಂದ ಕಿಡಿ ಹಾರದಂತೆ ಬಾಗಿಲ ಪಕ್ಕದ ತಾಮ್ರದ ಪಟ್ಟಿಯನ್ನು ಅಂಗೈಯಿಂದ ಮುಟ್ಟಿ ಒಳಗೆ ಬರುತ್ತಾರೆ. ಮೈಮೇಲೆ ಹತ್ತಿ ಬಟ್ಟೆ, ಕಬ್ಬಿಣದ ಒಂದು ಪಿನ್ನೂ ಇಲ್ಲ. ಮರದ ಮೇಜು, ಹಿತ್ತಾಳೆಯ ಅಳತೆ, ಕೋವಿಗೆ ತುಂಬುವ, ಸಾಸಿವೆಗಿಂತ ಸಣ್ಣ ಕಾಳಿನ ಕರಿಮದ್ದು. ಉಸಿರು ಹಿಡಿದು ಸುರಿಯುತ್ತಾರೆ. ಮರದ ಕಡ್ಡಿಯಿಂದ ಏಳು ಸಲ ತಟ್ಟುತ್ತಾರೆ. ಮೇಲೆ ನಿಂತದ್ದನ್ನು ಸವರಿ, ಉಳಿದದ್ದನ್ನು ಬೆರಳುದ್ದದ ಗಾಜಿನ ಸೀಸೆಗೆ ಇಳಿಸಿ ಬಿರಡೆ ಹಾಕುತ್ತಾರೆ. ಆಮೇಲಷ್ಟೇ ಉಸಿರು.

"ಆರು ತಟ್ಟಿದ್ರೆ ಮದ್ದು ಸಡಿಲ, ಎಂಟು ತಟ್ಟಿದ್ರೆ ಬಿಗಿ. ಸಡಿಲ ಆದ್ರೂ ಗುಂಡು ದಾರಿ ತಪ್ಪುತ್ತೆ, ಬಿಗಿ ಆದ್ರೂ ತಪ್ಪುತ್ತೆ. ಮಕ್ಕಳ ಥರಾನೇ," ಎಂದು ನಗುತ್ತಾರೆ. ನಗು ಕೆಮ್ಮಾಗುತ್ತದೆ. ಮದ್ದಿನ ಕಾರ್ಖಾನೆಯ ಜರಡಿಮನೆಯಲ್ಲಿ ಕಳೆದ ಹನ್ನೆರಡು ವರ್ಷ ಎದೆಯಲ್ಲಿ ಉಳಿಸಿಹೋದದ್ದು ಅದೊಂದೇ. ಸುರಿಯುವಾಗ ಕೆಮ್ಮು ಬಂದರೆ ಆ ಅಳತೆ ಡಬ್ಬಿಗೆ ವಾಪಸ್, ಮೊದಲಿಂದ ಶುರು.

ಇದು ಗುರಿಗಾರರ ಕ್ಲಬ್ಬು. ಇಲ್ಲಿನವರ ಹುಚ್ಚು ಹಳೇ ಕಾಲದ ಕೋವಿಗಳದ್ದು. ನಳಿಗೆಯ ಬಾಯಿಂದ ಮೊದಲು ಮದ್ದು ಸುರಿದು, ಆಮೇಲೆ ಗುಂಡಿಟ್ಟು, ಕೋಲಿನಿಂದ ತಳದವರೆಗೆ ದೂಡಿ ಹಾರಿಸುವ ಕೋವಿ. ಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೆ ಹದಿಮೂರು ಈಡು, ಈಡಿಗೊಂದು ಸೀಸೆ. ಇಪ್ಪತ್ತು ಮಂದಿಗೆ ಇನ್ನೂರ ಅರವತ್ತು. ಹತ್ತೊಂಬತ್ತು ವರ್ಷಗಳಿಂದ ಅಷ್ಟನ್ನೂ ಅಳೆದು, ಖಾಲಿಯಾಗಿ ಬಂದದ್ದನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿದವರು ಇವರೊಬ್ಬರೇ. ಮುಂಭಾಗದ ಗೋಡೆಯ ತುಂಬ ಗೆದ್ದವರ ಫೋಟೊಗಳಿವೆ. ಗುರಿ ಇಟ್ಟವರು ಎಲ್ಲರೂ ಇದ್ದಾರೆ. ಗುರಿ ತಪ್ಪದಂತೆ ಅಳೆದ ಕೈ ಒಂದರಲ್ಲೂ ಇಲ್ಲ.

ಆ ಕೈಯ ನೆನಪು ಕ್ಲಬ್ಬಿಗೆ ಬಂದದ್ದು ಹೋದ ತಿಂಗಳು, ಕೋವಿಯೊಂದು ಸಿಡಿದಾಗ.

ಕೋವಿ ಹಿಡಿದಿದ್ದವರು ಕ್ಲಬ್ಬಿನ ಹೊಸ ಕಟ್ಟಡಕ್ಕೆ ಕೈಬಿಚ್ಚಿ ಕೊಟ್ಟ ದೊಡ್ಡ ಮನುಷ್ಯರು. ಫೋನಿನಲ್ಲಿ ಮಾತಾಡುತ್ತಲೇ ಮದ್ದು ತುಂಬುತ್ತಿದ್ದರು. ಅವರ ಅಂಗೈ ಸುಟ್ಟಿತು, ಹದಿನೈದು ದಿನಕ್ಕೆ ವಾಸಿಯಾಯಿತು. ಪಕ್ಕದಲ್ಲಿ ನಿಂತು ದುರ್ಬೀನಿನಲ್ಲಿ ಗುರಿಹಲಗೆ ನೋಡಿ ತೂತು ಎಣಿಸುತ್ತಿದ್ದವನು ಅಳತೆಯಕ್ಕನ ತಮ್ಮ. ನಳಿಗೆಯ ಚೂರು ಅವನ ಬಲಗಣ್ಣಿಗೆ ಹೊಕ್ಕಿತು.

"ಮದ್ದಿಂದ ಹೋದ ಕಣ್ಣಿಗೆ ಮದ್ದಿಲ್ಲ ಅಂದ್ರು ಡಾಕ್ಟ್ರು," ಎನ್ನುತ್ತಾನೆ ಹೊರಗಿನ ಮೆಟ್ಟಿಲ ಮೇಲೆ ಕೂತ ತಮ್ಮ. "ಒಳ್ಳೇದೇ ಆಯ್ತು ಬಿಡು ಅಕ್ಕ. ಇನ್ನು ಗುರಿ ಹಿಡಿಯೋಕೆ ಒಂದು ಕಣ್ಣು ಮುಚ್ಚೋ ಕಷ್ಟ ಇಲ್ಲ."

"ಬಾಯಿ ಮುಚ್ಚೋ," ಎನ್ನುತ್ತಾರೆ ಅಕ್ಕ ಒಳಗಿಂದ. ಕೈ ನಿಲ್ಲುವುದಿಲ್ಲ.

ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿದಂತೆ, ಕ್ಲಬ್ಬು ಮೂರೇ ದಿನದಲ್ಲಿ ಒಂದು ಕಾಗದ ಟೈಪು ಮಾಡಿಸಿತು: "ನನ್ನ ಅಳತೆಯ ತಪ್ಪಿನಿಂದ ಅವಘಡವಾಯಿತು." ಕೆಳಗೆ ಅಳತೆಯಕ್ಕನ ಸಹಿಗೆ ಜಾಗ. ಸಹಿ ಹಾಕಿದರೆ ತಮ್ಮನಿಗೆ ಗೇಟಿನ ಕೆಲಸ, ಹಿಂದಿನ ಕೋಣೆಯಲ್ಲಿ ವಾಸ. ಹಾಕದಿದ್ದರೆ ಇಬ್ಬರೂ ಬೀದಿಗೆ. ಗಡುವು ಈ ಶನಿವಾರ.

ಅಳತೆಯಕ್ಕ ಶೆಲ್ಫಿನಿಂದ ಮರದ ಪೆಟ್ಟಿಗೆಯೊಂದನ್ನು ಇಳಿಸುತ್ತಾರೆ. ಆ ದಿನ ದೊಡ್ಡ ಮನುಷ್ಯರಿಗೆ ಕೊಟ್ಟ ಪೆಟ್ಟಿಗೆ. "ಹಲಗೇಲಿ ತೂತು ಆರು. ಏಳನೇದಕ್ಕೆ ಸಿಡೀತು. ಖಾಲಿ ಸೀಸೆ ಏಳಿರಬೇಕಲ್ವಾ? ಎಂಟಿದೆ. ಒಂದೇ ಈಡಿಗೆ ಎರಡು ಸೀಸೆ ಸುರಿದಿದಾರೆ. ನಾನು ಕಣ್ಣು ಮುಚ್ಕೊಂಡು ಅಳೆದ್ರೂ ಒಂದು ಸೀಸೇಲಿ ಎರಡು ಈಡು ಹಿಡಿಸಲ್ಲ." ಎಂಟರ ಒಳಮೈಗೂ ಕರಿ ಧೂಳು ಅಂಟಿದೆ. ಹತ್ತೊಂಬತ್ತು ವರ್ಷದಲ್ಲಿ ಅವರು ತೊಳೆಯದೆ ಬಿಟ್ಟ ಸೀಸೆಗಳು ಇವೇ.

ಇನ್ನೂ ಒಂದು ಮಾತಿದೆ. ಅಳತೆ ತಪ್ಪಿತೆಂದು ಬರೆದುಕೊಡು ಎಂದವರೇ, ಭಾನುವಾರದ ಸ್ಪರ್ಧೆಗೆ ಇನ್ನೂರ ಅರವತ್ತು ಸೀಸೆ ಅಳೆದುಕೊಡು ಎಂದೂ ಹೇಳಿದ್ದಾರೆ. ತಪ್ಪಿದ ಕೈ ಅಳೆದ ಮದ್ದಿಗೆ ತಂತಮ್ಮ ಮುಖದ ಮುಂದೆಯೇ ಕಿಡಿ ತಾಗಿಸಲು ಇಪ್ಪತ್ತು ಮಂದಿ ಗಣ್ಯರಿಗೆ ಹೆದರಿಕೆಯಿಲ್ಲ! ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಎಂಟು ಗಂಟೆಗೆ ಕ್ಲಬ್ಬಿನ ಕಾರ್ಯದರ್ಶಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ಏನಕ್ಕಾ, ಸಹಿ ಆಯ್ತಾ?"

"ಪೆಟ್ಟಿಗೆ ಇಲ್ಲೇ ಇದೆ ಸಾರ್. ಎಣಿಸಿ. ಆಮೇಲೆ ಸಹಿ ಕೇಳಿ."

"ಅದನ್ನ ತೊಳೆದಿಡು ಅಂದಿದ್ನಲ್ಲ? ಹಟ ಬೇಡ. ತಮ್ಮನ ಮುಖ ನೋಡು."

"ದಿನಾ ನೋಡ್ತೀನಿ ಸಾರ್. ನೀವೊಂದ್ಸಲ ನೋಡಿ."

ಕಾರ್ಯದರ್ಶಿ ಮೆಟ್ಟಿಲ ಕಡೆ ತಿರುಗುವುದಿಲ್ಲ. ತುಂಬಿದ ಪೆಟ್ಟಿಗೆಗಳನ್ನು ಜೋಪಾನವಾಗಿ, ಮೊಟ್ಟೆ ಒಯ್ಯುವವರಂತೆ ಎತ್ತಿಕೊಂಡು ಹೋಗುತ್ತಾರೆ.

"ಹಾಕೋದಾದ್ರೆ ಹಾಕಕ್ಕ," ಎನ್ನುತ್ತಾನೆ ತಮ್ಮ. "ಆದ್ರೆ ಗೇಟಲ್ಲಿ ನಿಂತು ಆ ಮನುಷ್ಯನಿಗೆ ಸಲಾಂ ಹೊಡೆಯುವಾಗ ಇರೋ ಇನ್ನೊಂದು ಕಣ್ಣೂ ಮುಚ್ಕೋಬೇಕಾಗುತ್ತೆ."

ಅಕ್ಕ ಕಾಗದವನ್ನು ನಾಲ್ಕಾಗಿ ಮಡಚಿ, ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕುತ್ತಾರೆ. ಮೇಜು ನೆಟ್ಟಗೆ ನಿಲ್ಲುತ್ತದೆ. ಶನಿವಾರಕ್ಕೆ ಇನ್ನು ಎರಡು ದಿನ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಆ ಎಂಟು ಸೀಸೆಗಳ ಮೇಲೆ ಬಟ್ಟೆ ಮುಚ್ಚುತ್ತ ಹೇಳುತ್ತಾರೆ: "ನನ್ನ ಫೋಟೊ ಗೋಡೆಗೆ ಬೇಡ. ಓದಿದೋರು, ದೊಡ್ಡೋರು ಅಷ್ಟು ಜನ ಇದಾರೆ. ಯಾರಾದ್ರೂ ಒಬ್ಬರು ಬಂದು ಎಂಟರವರೆಗೆ ಎಣಿಸಿದ್ರೆ ಸಾಕು."