ಹನ್ನೊಂದು ಕಾಗದಗಳ ಹಿಂಬದಿ

1961ರಲ್ಲಿ ನಾನು ಬಂಟ್ವಾಳದಲ್ಲಿ ವಕೀಲ ಸೀತಾರಾಮ ರಾಯರ ಬಳಿ ಜೂನಿಯರ್ ಆಗಿದ್ದೆ. ಮದರಾಸಿನಲ್ಲಿ ಕಾನೂನು ಓದಿ ಬಂದು ಒಂದೂವರೆ ವರ್ಷವಾಗಿತ್ತು. ಆ ಒಂದೂವರೆ ವರ್ಷದಲ್ಲಿ ಕೋರ್ಟಿನಲ್ಲಿ ಎದ್ದುನಿಂತು ನಾನು ಕೇಳಿದ್ದು ಕೇಸು ಮುಂದಕ್ಕೆ ಹಾಕುವ ವಾಯಿದೆ ಮಾತ್ರ. ಅದೂ ರಾಯರಿಗೆ ಜ್ವರ ಬಂದ ದಿನ.

ನನ್ನ ಕೆಲಸ ಫೈಲು ಹೊಲಿಯುವುದು. ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಎಡ ಅಂಚಿಗೆ ದಬ್ಬಣದಿಂದ ತೂತು ಮಾಡಿ, ದಾರ ಹಾಕಿ ಗಂಟು ಬಿಗಿಯಬೇಕು. ಇದಕ್ಕೆ ರಾಯರದ್ದೊಂದು ನಿಯಮವಿತ್ತು. ಯಾವ ಕಾಗದವಾದರೂ ಮೊದಲು ಮಗುಚಿ ಹಿಂಬದಿ ನೋಡಬೇಕು, ಆಮೇಲೆ ಮುಂಬದಿ. ಹಿಂದಿನ ಜೂನಿಯರೊಬ್ಬ ಹಿಂಬದಿಯ ಒಂದು ಷರಾ ನೋಡದೆ ಹೊಲಿದದ್ದರಿಂದ ಒಂದು ಗೇಣಿ ಕೇಸು ಸೋತಿತ್ತಂತೆ. ನಾನು ಈ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಿದ್ದೆ, ಮನಸ್ಸಿನಲ್ಲಿ ಅವಮಾನಪಡುತ್ತಿದ್ದೆ.

ಆ ವರ್ಷ ತಾಲೂಕು ಬೋರ್ಡಿನ ಚುನಾವಣೆಗೆ ನಮ್ಮ ಕಡೆಯ ದೊಡ್ಡ ಭೂಮಾಲಿಕರೊಬ್ಬರು ನಿಂತಿದ್ದರು. ಅವರ ಹೆಸರು ಬರೆಯುವುದಿಲ್ಲ. ಊರಿನವರು ಧನಿಗಳು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಅವರ ಎದುರು ಗೇಣಿ ಒಕ್ಕಲುಗಳು ತಮ್ಮದೇ ಒಬ್ಬನನ್ನು ನಿಲ್ಲಿಸಿದರು. ಒಕ್ಕಲುಗಳಿಗೆ ಅರ್ಜಿ ಬರೆದುಕೊಡುತ್ತಿದ್ದವರು ಮೋನಪ್ಪ ಮಾಸ್ಟ್ರು. ವಾಮದಪದವಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತರಾದವರು. ನನಗೆ ಅಕ್ಷರ ಕಲಿಸಿದವರೂ ಅವರೇ. ನನ್ನ 'ಕ'ದ ತಲೆಕಟ್ಟು ಇಂದಿಗೂ ಅವರ ತಲೆಕಟ್ಟಿನ ಹಾಗೆಯೇ ಉಂಟು.

ಒಂದು ಭಾನುವಾರ ಮಧ್ಯಾಹ್ನ ವಾಮದಪದವಿನಲ್ಲಿ ಒಕ್ಕಲುಗಳ ಸಭೆ ನಡೆಯುತ್ತಿದ್ದಾಗ ಒಂದು ಲಾರಿಯಿಂದ ಹನ್ನೆರಡು ಜನ ದೊಣ್ಣೆ ಹಿಡಿದು ಇಳಿದರು. ಬೆಂಚು ಮುರಿದರು, ಸಿಕ್ಕಿದವರಿಗೆ ಹೊಡೆದರು. ಮಾಸ್ಟ್ರನ್ನು ಕವುಚಿ ಮಲಗಿಸಿ ಒಬ್ಬ ಬೆನ್ನ ಮೇಲೆ ಕೂತ. ಇನ್ನೊಬ್ಬ ಅವರ ಬಲಗೈ ಎಳೆದು ಮೆಟ್ಟಿಲ ಕಲ್ಲಿನ ಮೇಲಿಟ್ಟು ಹಿಡಿದುಕೊಂಡ. ಅವನ ಹೆಸರು ಐತಪ್ಪ. ಅವನೂ ಮಾಸ್ಟ್ರ ಶಾಲೆಯಲ್ಲೇ ಕಲಿತವನು.

"ಬರೆಯುವ ಕೈ ಇದುವೇ ಅಲ್ವಾ ಮಾಸ್ಟ್ರೇ?" ಎಂದು ಕೇಳಿದನಂತೆ.

ಮೂರನೆಯವನು ಕಲ್ಲು ಎತ್ತಿ ಹಾಕಿದ. ಅವನು ಯಾರೆಂದು ಮಾಸ್ಟ್ರಿಗೆ ಕಾಣಿಸಲಿಲ್ಲ. ಅವನು ಮುಖಕ್ಕೆ ಮುಂಡಾಸು ಸುತ್ತಿಕೊಂಡಿದ್ದುದರಿಂದ ಸಭೆಯವರಿಗೂ ಗುರುತು ಸಿಗಲಿಲ್ಲ. ಕೆಲಸ ಮುಗಿದ ಕೂಡಲೇ ಅವನು ಲಾರಿ ಹತ್ತಿದ, ಲಾರಿ ಹೊರಟುಹೋಯಿತು. ಉಳಿದ ಹನ್ನೊಂದು ಜನ ಓಡಲಿಲ್ಲ. ಪೊಲೀಸರು ಬರುವವರೆಗೆ ರಸ್ತೆಬದಿಯ ಕಟ್ಟೆಯಲ್ಲಿ ಕೂತು ಬೀಡಿ ಸೇದಿದರು. ಧನಿಗಳು ಆ ಹೊತ್ತಿಗೆ ಮೂಡಬಿದ್ರೆಯಲ್ಲಿ ಒಂದು ಮದುವೆಯ ಎದುರು ಸಾಲಿನಲ್ಲಿ ಕೂತಿದ್ದರು. ಅದಕ್ಕೆ ಫೋಟೋ ಕೂಡ ಇತ್ತು.

ಸೋಮವಾರ ಕೋರ್ಟು ಸೇರುವ ಹೊತ್ತಿಗೆ ಹನ್ನೊಂದು ಜನರ ಜಾಮೀನು ಕಾಗದಗಳನ್ನು ಹಿಡಿದು ಧನಿಗಳ ಗುಮಾಸ್ತ ಬಂದು ನಿಂತಿದ್ದ. ಹಿಂದೆಯೇ ಧನಿಗಳೂ ಬಂದರು. ಜಗಲಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಹುಡುಗರು ಏನೋ ಜಗಳ ಮಾಡಿಕೊಂಡಿದ್ದಾರೆ, ಬಡವರನ್ನು ನಾವಲ್ಲದೆ ಇನ್ನು ಯಾರು ನೋಡಿಕೊಳ್ಳುವುದು ಎಂದರು. ನಾನು ಬೆಂಚಿನ ತುದಿಯಲ್ಲಿ ದಬ್ಬಣ ಹಿಡಿದು ಕೂತಿದ್ದೆ. ನನ್ನನ್ನು ನೋಡಿ ನಿಂತರು.

"ವಾಮದಪದವಿನ ಹುಡುಗಿ ಅಲ್ವಾ ನೀನು? ವಕೀಲಿ ಕಲ್ತದ್ದು ಅಂತ ಕೇಳಿದ್ದೆ. ಹೊಲಿಗೆ ಕಲ್ತದ್ದಾ? ಒಳ್ಳೆದಾಯ್ತು ಮಾರಾಯ್ತಿ, ಮದುವೆ ಆದ ಮೇಲೂ ಉಪಯೋಗ ಉಂಟು."

ಸುತ್ತ ಇದ್ದವರು ನಕ್ಕರು. ನಾನು ಗಂಟು ಬಿಗಿದು ದಾರ ಕತ್ತರಿಸಿದೆ.

ಆ ವಾರ ಮಂಗಳೂರಿನ ಆಸ್ಪತ್ರೆಗೆ ಮಾಸ್ಟ್ರ ವಕಾಲತ್ತು ತರಲು ಹೋದೆ. ವಕಾಲತ್ತು ಎಂದರೆ ನನ್ನ ಪರವಾಗಿ ಇವರು ವಾದಿಸಲಿ ಎಂದು ಕಕ್ಷಿಗಾರ ಸಹಿ ಮಾಡಿಕೊಡುವ ಕಾಗದ. ಅವರ ಬಲಗೈಯ ಮೂರು ಬೆರಳುಗಳನ್ನು ತೆಗೆದಿದ್ದರು. ಎಡಗೈಯಲ್ಲಿ ಪೆನ್ನು ಹಿಡಿದು ಎರಡು ಸಲ ಪ್ರಯತ್ನಿಸಿದರು. ಮೂರನೆಯ ಸಲ ಪೆನ್ನು ಕೆಳಗಿಟ್ಟು, ಮಸಿ ಪ್ಯಾಡು ಉಂಟಾ ಎಂದು ಕೇಳಿದರು. ಮೂವತ್ತೊಂದು ವರ್ಷ ಊರಿಗೆ ಸಹಿ ಮಾಡಲು ಕಲಿಸಿದವರು ನನ್ನೆದುರು ಎಡಗೈ ಹೆಬ್ಬೆಟ್ಟು ಒತ್ತಿದರು. ಮಸಿ ಒರೆಸಿಕೊಳ್ಳಲು ಇನ್ನೊಂದು ಕೈ ಇಲ್ಲದ್ದರಿಂದ ನಾನೇ ಒರೆಸಿದೆ.

ನ್ಯಾಯ ಬೇರೆ, ಸೇಡು ಬೇರೆ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಹಿಂದಿರುಗುವ ಬಸ್ಸಿನಲ್ಲಿ ಆ ಪಾಠ ಪೂರ್ತಿ ನೆನಪಿತ್ತು. ಆದರೆ ನನಗೆ ಬೇಕಾದದ್ದು ಸೇಡು. ಕೋಲು ಹಿಡಿದವರ ಮೇಲೆ ಮಾತ್ರ ಅಲ್ಲ, ಎದುರು ಸಾಲಿನಲ್ಲಿ ಕೂತು ಮದುವೆ ಊಟ ಮಾಡಿದವರ ಮೇಲೆ.

ಕಾನೂನಿನಲ್ಲಿ ದಾರಿ ಇತ್ತು. ದಂಡ ಸಂಹಿತೆಯ 149ನೇ ಸೆಕ್ಷನ್ ಪ್ರಕಾರ ಗುಂಪು ಕಟ್ಟಿ ಹೋದವರಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ. 109ರ ಪ್ರಕಾರ ಕಳುಹಿಸಿದವನೂ ಮಾಡಿದವನ ಹಾಗೆಯೇ ಅಪರಾಧಿ. ಪೊಲೀಸರ ಮೊಕದ್ದಮೆಯ ಜೊತೆಗೆ ರಾಯರು ಮಾಸ್ಟ್ರ ಹೆಸರಿನಲ್ಲಿ ಧನಿಗಳ ಮೇಲೆ ಖಾಸಗಿ ದೂರು ಕೊಟ್ಟರು. ಎರಡರ ವಿಚಾರಣೆಯೂ ಒಟ್ಟಿಗೆ ನಿಗದಿಯಾಯಿತು. ಆದರೆ ಕಳುಹಿಸಿದ್ದಕ್ಕೆ ಸಾಕ್ಷಿ ಇರಲಿಲ್ಲ. ಹನ್ನೊಂದು ಜನರ ಬಾಯಲ್ಲೂ ಒಂದೇ ಮಾತು: ಧನಿಗಳಿಗೆ ಇದು ಗೊತ್ತೇ ಇಲ್ಲ.

"ಕೋಲು ಹಿಡಿದವನಿಗೆ ಶಿಕ್ಷೆ ಆಗ್ತದೆ," ಎಂದರು ರಾಯರು. "ಕೋಲು ಕೊಟ್ಟವ ಕೈ ತೊಳೆದುಕೊಂಡಿರ್ತಾನೆ. ಆಸೆ ಇಟ್ಟುಕೊಳ್ಳಬೇಡ."

ವಿಚಾರಣೆಗೆ ಒಂದು ವಾರ ಇರುವಾಗ ನಾನು ಕೋರ್ಟಿನ ಮೂಲ ಕಡತ ನೋಡಲು ಅರ್ಜಿ ಹಾಕಿದೆ. ನಮ್ಮಲ್ಲಿದ್ದ ನಕಲುಗಳಲ್ಲಿ ಮುಂಬದಿ ಮಾತ್ರ ಇತ್ತು. ಕಡತ ಬಂದಾಗ ಅಭ್ಯಾಸದಂತೆ ಪ್ರತಿಯೊಂದು ಕಾಗದವನ್ನೂ ಮೊದಲು ಮಗುಚಿದೆ.

ಜಾಮೀನು ಕೊಡುವವನು ತನ್ನ ಆಸ್ತಿಯ ವಿವರವನ್ನು ಛಾಪಾ ಕಾಗದದಲ್ಲಿ ಬರೆದುಕೊಡಬೇಕು. ಛಾಪಾ ಕಾಗದ ಮಾರುವ ವೆಂಡರ್ ಅದರ ಹಿಂಬದಿಯಲ್ಲಿ ಕ್ರಮಸಂಖ್ಯೆ, ಮಾರಿದ ದಿನಾಂಕ ಮತ್ತು ಕೊಂಡವನ ಹೆಸರು ಬರೆಯುತ್ತಾನೆ. ನಮ್ಮ ವೆಂಡರ್ ಕಾಮತರು ಯಾರ ಬಾಬ್ತು, ಎಂದರೆ ಯಾರ ಯಾವ ಕೆಲಸಕ್ಕೆ ಎಂಬುದನ್ನೂ ಬರೆಯುವವರು. ಹನ್ನೊಂದು ಕಾಗದಗಳ ಮೇಲೆ ಸಾಲಾಗಿ ಹನ್ನೊಂದು ಸಂಖ್ಯೆಗಳಿದ್ದವು. ಕೊಂಡವರು ಧನಿಗಳು, ಗುಮಾಸ್ತನ ಮೂಲಕ. ಬಾಬ್ತು: ಜಾಮೀನು, ಐತಪ್ಪ. ಜಾಮೀನು, ಲೋಕಯ್ಯ. ಹೀಗೆ ಹನ್ನೊಂದು ಹೆಸರು.

ದಿನಾಂಕ ಶುಕ್ರವಾರದ್ದು. ಹೊಡೆದಾಟ ನಡೆದದ್ದು ಭಾನುವಾರ.

ಧನಿಗಳ ಮನೆಯಲ್ಲಿ ಮೂರು ತಲೆಮಾರಿನಿಂದ ಕೋರ್ಟು ವ್ಯವಹಾರ. ಕಾಗದಪತ್ರ ಸರಿಮಾಡದೆ ಅವರು ಬೇಲಿಗೆ ಒಂದು ಗೂಟವನ್ನೂ ಹೊಡೆಯುವವರಲ್ಲ. ಭಾನುವಾರ ವೆಂಡರ್ ಅಂಗಡಿ ಇಲ್ಲ. ಸೋಮವಾರ ಬೆಳಿಗ್ಗೆ ಬಿಡಿಸುತ್ತೇನೆಂದು ಆಳುಗಳಿಗೆ ಮಾತು ಕೊಟ್ಟಾಗಿತ್ತು. ಆದ್ದರಿಂದ ಅಪರಾಧಕ್ಕೂ ಮೊದಲೇ ಅದರ ಜಾಮೀನು ತಯಾರು ಮಾಡಿಟ್ಟರು. ಅವರು ಮಾಡಿದ ತಪ್ಪು ಇದೊಂದೇ, ಅದೂ ಅಚ್ಚುಕಟ್ಟಿನಿಂದ ಆದದ್ದು.

ರಾಯರು ಎರಡು ಸಲ ಓದಿ ಕನ್ನಡಕ ತೆಗೆದರು. "ಕಾಮತರನ್ನು ಸಾಕ್ಷಿಗೆ ಕರೆಸುವ, ನೀನೇ ವಿಚಾರಣೆ ಮಾಡು," ಎಂದರು.

ಕಾಮತರು ಸಾಕ್ಷಿಕಟ್ಟೆಗೆ ಬೆವರುತ್ತಲೇ ಬಂದರು. ನಾನು ಅವರನ್ನು ಬೆದರಿಸಲಿಲ್ಲ. ಒಂದೊಂದೇ ಕಾಗದ ಕೊಟ್ಟು, ಹಿಂಬದಿಯ ಸಂಖ್ಯೆ, ದಿನಾಂಕ, ಹೆಸರು ಓದಲು ಹೇಳಿದೆ. ಕಟಕಟೆಯಲ್ಲಿ ಹನ್ನೊಂದು ಜನ ನಿಂತಿದ್ದರು. ತಮ್ಮ ತಮ್ಮ ಹೆಸರು ಬಂದಾಗ ಒಬ್ಬೊಬ್ಬರೂ ತಲೆ ಎತ್ತಿದರು. ಪ್ರತಿ ಹೆಸರಿನ ನಂತರವೂ ನಾನು ಬೇಕೆಂದೇ ತಡೆದೆ. ಧನಿಗಳು ನನ್ನ ಬಲಬದಿಯಲ್ಲಿ ಕುರ್ಚಿಯಲ್ಲಿದ್ದರು. ಏಳನೆಯ ಹೆಸರಿಗೆ ಅವರ ಕಾಲು ಅಲ್ಲಾಡುವುದು ನಿಂತಿತು.

ಹನ್ನೊಂದು ಮುಗಿದ ಮೇಲೆ ಕೇಳಿದೆ: "ಲಾರಿಯಿಂದ ಇಳಿದವರು ಹನ್ನೆರಡು ಜನ ಎಂದು ದೂರಿನಲ್ಲಿ ಉಂಟು. ಹನ್ನೆರಡನೆಯ ಕಾಗದ ಯಾರ ಹೆಸರಿನಲ್ಲಿ ಕೊಂಡರು?"

"ಹನ್ನೆರಡನೆಯದ್ದು ಕೊಳ್ಳಲಿಲ್ಲ ಅಮ್ಮಾ. ಹನ್ನೊಂದೇ ಸಾಕು ಅಂದರು."

ಕಟಕಟೆಯಲ್ಲಿ ಐತಪ್ಪ ಬೆರಳು ಮಡಚಿ ಎಣಿಸುತ್ತಿದ್ದ. ಓಡಬೇಡಿ, ಹಿಡಿದರೆ ಬಿಡಿಸುತ್ತೇನೆ ಎಂದಷ್ಟೇ ಅವರಿಗೆ ಹೇಳಿದ್ದರು. ಹನ್ನೆರಡನೆಯವನು ತಪ್ಪಿಸಿಕೊಂಡದ್ದು ಅವನ ಅದೃಷ್ಟ ಎಂದು ಅವರೆಲ್ಲ ನಂಬಿದ್ದರು. ಯಾರು ಲಾಕಪ್ಪಿನಲ್ಲಿ ಕೂರಬೇಕು, ಯಾರು ಲಾರಿ ಹತ್ತಬೇಕು ಎಂಬುದು ಶುಕ್ರವಾರವೇ ತೀರ್ಮಾನವಾಗಿತ್ತು ಎಂದು ಐತಪ್ಪನಿಗೆ ತಿಳಿದದ್ದು ಆಗ. ಅವನು ಧನಿಗಳ ಕಡೆ ತಿರುಗಿ ತುಳುವಿನಲ್ಲಿ ಕೇಳಿದ:

"ಸಣ್ಣ ಧನಿಗಳಿಗೆ ಕಾಗದ ಬೇಡವಾಯ್ತಾ ಧನಿಗಳೇ? ಕಲ್ಲು ಹಾಕಿದ್ದು ಅವರಲ್ವಾ?"

ಸಣ್ಣ ಧನಿ ಎಂದರೆ ಅವರ ತಂಗಿಯ ಮಗ. ಆ ಭಾನುವಾರ ಲಾರಿ ಹತ್ತಿದವನು ಅಂದಿನಿಂದ ಬೆಳ್ತಂಗಡಿಯ ಸಂಬಂಧಿಕರ ಮನೆಯಲ್ಲಿದ್ದ. ಕಟಕಟೆಯಿಂದ ಆಡಿದ ಆ ಮಾತು ಸಾಕ್ಷ್ಯವಾಗುವುದಿಲ್ಲ. ಐತಪ್ಪನನ್ನು ಮಾಫಿ ಸಾಕ್ಷಿ ಮಾಡಬೇಕಾಗಿತ್ತು: ಅವನು ನಡೆದದ್ದನ್ನೆಲ್ಲ ಹೇಳಬೇಕು, ಅದಕ್ಕೆ ಪ್ರತಿಯಾಗಿ ಕೋರ್ಟು ಅವನಿಗೆ ಶಿಕ್ಷೆ ಬಿಡುತ್ತದೆ. ರಾಯರು ನನ್ನ ಮುಖ ನೋಡಿದರು. ಕೈ ಹಿಡಿದುಕೊಂಡವನು ಇವನು, ಯೋಚಿಸು ಎಂದರು. ನಾನು ಯೋಚಿಸಿದೆ. ಮಾಫಿ ಅರ್ಜಿಗೆ ನಮ್ಮ ಕಡೆಯಿಂದ ಒಪ್ಪಿಗೆ ಕೊಡಿ ಎಂದೆ.

ಐತಪ್ಪ ಎಲ್ಲವನ್ನೂ ಹೇಳಿದ. ಧನಿಗಳ ಚಾವಡಿಯಲ್ಲಿ ಯಾರು ಎಲ್ಲಿ ಕೂತಿದ್ದರು, ಬಲಗೈಯೇ ಆಗಬೇಕು ಎಂದು ಯಾರು ಹೇಳಿದರು, ಓಡಬೇಡಿ ಎಂದು ಯಾರು ಹೇಳಿದರು. ಪ್ರಕರಣ ಮಂಗಳೂರಿನ ಸೆಶನ್ಸ್ ಕೋರ್ಟಿಗೆ ಹೋಯಿತು. ಸಣ್ಣ ಧನಿಗೆ ಐದು ವರ್ಷ, ಧನಿಗಳಿಗೂ ಐದು ವರ್ಷ, ಉಳಿದ ಹತ್ತು ಜನರಿಗೆ ಒಂದೂವರೆ ವರ್ಷ. ಹೈಕೋರ್ಟಿನ ಅಪೀಲಿನಲ್ಲೂ ಅದೇ ಉಳಿಯಿತು.

ಸುದ್ದಿ ಹೇಳಲು ಹೋದಾಗ ಮಾಸ್ಟ್ರು ಧನಿಗಳ ಬಗ್ಗೆ ಏನೂ ಕೇಳಲಿಲ್ಲ. ಐತಪ್ಪ ಬಿಡುಗಡೆಯಾದನಾ ಎಂದು ಕೇಳಿದರು. ಹೌದು ಎಂದೆ. "ಅವನಿಗೂ ಕೈ ಹಿಡಿದು ಬರೆಸಿದ್ದು ನಾನೇ," ಎಂದು ಹೇಳಿ, ಚಾ ಕುಡಿದು ಹೋಗು ಎಂದರು.

ಅಪೀಲು ಸೋತ ಮೇಲೆ ಧನಿಗಳು ಶರಣಾಗಲು ಬಂದ ದಿನ ನಾನು ಬೇಕೆಂದೇ ಅದೇ ಬೆಂಚಿನ ತುದಿಯಲ್ಲಿ ದಬ್ಬಣ ಹಿಡಿದು ಕೂತೆ. ಅಷ್ಟರಲ್ಲಿ ಫೈಲು ಹೊಲಿಯಲು ಬೇರೆಯವರು ಬಂದಿದ್ದರು. ಧನಿಗಳು ಎದುರಿಗೆ ಬಂದಾಗ ಹೇಳಿದೆ: "ಹೌದು. ಹೊಲಿಗೆ ಕಲಿತದ್ದು ಒಳ್ಳೆದಾಯ್ತು."

ಅವರು ನಿಂತು ನೋಡಿದರು. "ಏನಮ್ಮ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಎರಡು ವರ್ಷ ನಾನು ಕಾಪಾಡಿಕೊಂಡಿದ್ದ ಮಾತನ್ನು ಅವರು ಆಡಿದ ಕ್ಷಣವೇ ಮರೆತಿದ್ದರು. ಪೊಲೀಸಿನವನು ಹೊತ್ತಾಯಿತು ಎಂದ, ಅವರು ಹೋದರು.

ನಾನು ವಕೀಲಿಗೆ ಇಳಿದು ಈಗ ಒಂಬತ್ತು ವರ್ಷ. ಹೊಸಬರಿಗೆ ನಾನೂ ಮೊದಲು ಹಿಂಬದಿ ನೋಡಿ ಎಂದೇ ಕಲಿಸುತ್ತೇನೆ. ಕಳುಹಿಸಿದವನನ್ನು ಹಿಡಿಯಬೇಕಾದರೆ ಹೋದವರಲ್ಲಿ ಒಬ್ಬನನ್ನು ಬಿಡಬೇಕಾಗುತ್ತದೆ, ಯಾರನ್ನು ಎಂಬುದನ್ನು ಆರಿಸುವ ಭಾಗ್ಯ ವಕೀಲರಿಗೆ ಸಿಗುವುದಿಲ್ಲ ಎಂಬುದನ್ನೂ ಹೇಳುತ್ತೇನೆ. ಐತಪ್ಪ ಈಗ ಬಂಟ್ವಾಳದ ಪೇಟೆಯಲ್ಲಿ ಮೂಟೆ ಹೊರುತ್ತಾನೆ. ನನ್ನನ್ನು ಕಂಡರೆ ಎರಡೂ ಕೈ ಎತ್ತಿ ನಮಸ್ಕರಿಸುತ್ತಾನೆ. ನಾನು ಆ ಕೈಗಳನ್ನೇ ನೋಡುತ್ತೇನೆ, ತಿರುಗಿ ನಮಸ್ಕರಿಸುವುದಿಲ್ಲ. ಅವನಿಗೆ ಮಾಫಿ ಕೊಟ್ಟದ್ದು ಕೋರ್ಟು. ನಾನಲ್ಲ.