ಅತಿ ಕೆಟ್ಟ ಪ್ರೊಸೆಸರ್ ಯಾವುದು

ಒಳ್ಳೆಯದು ಯಾವುದು ಎಂಬ ಚರ್ಚೆಯಲ್ಲಿ ನಾನು ಯಾವತ್ತೂ ಗೆದ್ದವನಲ್ಲ. ಒಳ್ಳೆಯ ಹೋಟೆಲು, ಒಳ್ಳೆಯ ಡಾಕ್ಟರು, ಒಳ್ಳೆಯ ಸ್ಕೂಲು ಯಾವುದು ಎಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತೇನೆ. ಕೆಟ್ಟದ್ದು ಯಾವುದು ಎಂದು ಕೇಳಿ ನೋಡಿ, ಕುರ್ಚಿ ಎಳೆದುಕೊಂಡು ಕೂತುಬಿಡುತ್ತೇನೆ. ನನ್ನ ಅನುಭವದಲ್ಲಿ ಒಳ್ಳೆಯದರ ಚರ್ಚೆ ಜಗಳದಲ್ಲಿ ಮುಗಿಯುತ್ತದೆ, ಕೆಟ್ಟದ್ದರ ಚರ್ಚೆ ಸ್ನೇಹದಲ್ಲಿ. ಇಬ್ಬರು ಅಪರಿಚಿತರು ಬಾರದ ಬಸ್ಸನ್ನು ಬೈಯುತ್ತ ನಿಂತರೆ, ಬಸ್ಸು ಬರುವಷ್ಟರಲ್ಲಿ ಒಬ್ಬರ ಊರು, ಮನೆ, ಮಕ್ಕಳ ವಿಷಯವೆಲ್ಲ ಇನ್ನೊಬ್ಬರಿಗೆ ಗೊತ್ತಾಗಿರುತ್ತದೆ.

ವಿಶಾಖಪಟ್ಟಣದಲ್ಲಿ ನನಗೆ ಸಿಕ್ಕ ಮೊದಲ ಸ್ನೇಹವೂ ಹೀಗೆ ಕೆಟ್ಟದ್ದರಿಂದಲೇ ಬಂದದ್ದು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ದಾವಣಗೆರೆಯಿಂದ ಹೆಂಡತಿ ನಾಗರತ್ನ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಬಂದು ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬಂದರಿನ ಹತ್ತಿರ ಹಡಗು ಏಜೆಂಟರ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಮಗಳು ಮೂರೇ ತಿಂಗಳಲ್ಲಿ ಗೊಂಬೆಗಳನ್ನು ತೆಲುಗಿನಲ್ಲಿ ಗದರಿಸತೊಡಗಿದಳು. ನನ್ನ ತೆಲುಗು ಮಾತ್ರ ‘ಏಮಂಡಿ’, ‘ಅವುನಂಡಿ’ಗಳ ನಡುವೆಯೇ ಓಡಾಡುತ್ತಿತ್ತು. ಅದನ್ನು ನಗದೆ ಕೇಳಿಸಿಕೊಂಡವರು ನಮ್ಮ ಕಚೇರಿಯ ಹಿರಿಯ ಗುಮಾಸ್ತರಾದ ಅಪ್ಪಾರಾವು ಗಾರು. ಗಾರು ಎಂದರೆ ತೆಲುಗಿನಲ್ಲಿ ನಮ್ಮ ‘ಅವರು’ ಇದ್ದ ಹಾಗೆ. ಸಿಂಹಾಚಲದ ಬೆಟ್ಟದ ಮೇಲಿನ ಸ್ವಾಮಿಯನ್ನು ಅಲ್ಲಿಯವರು ಅಪ್ಪನ್ನ ಎಂದು ಕರೆಯುತ್ತಾರೆ, ಆ ಹೆಸರಿನಿಂದಲೇ ಬಂದ ಅಪ್ಪಾರಾವುಗಳು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಇವರು ಮೂವತ್ತು ವರ್ಷ ಟೈಪ್‌ರೈಟರಿನಲ್ಲಿ ಹಡಗುಗಳ ಕಾಗದಪತ್ರ ಬಡಿದವರು. ನಿವೃತ್ತಿ ಹತ್ತಿರ ಬಂದಾಗ ಕಚೇರಿ ಅವರ ಮುಂದೆ ಕಂಪ್ಯೂಟರ್ ತಂದಿಟ್ಟಿತು. ಕಲಿಸುವವನು ನಾನು. ನಮ್ಮ ಮಾತೆಲ್ಲ ನನ್ನ ಮುರುಕು ತೆಲುಗಿನಲ್ಲೇ ನಡೆದದ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

ಬಂದರಿನ ಗೇಟಿನಾಚೆಯ ಚಹಾದಂಗಡಿಯಲ್ಲಿ ದಿನವೂ ಹನ್ನೊಂದಕ್ಕೆ ನಮ್ಮ ಸಭೆ. ವಿಷಯ ಒಂದೇ: ಜಗತ್ತಿನಲ್ಲಿ ಈವರೆಗೆ ತಯಾರಾದ ಅತಿ ಕೆಟ್ಟ ಪ್ರೊಸೆಸರ್ ಯಾವುದು. ಪ್ರೊಸೆಸರ್ ಎಂದರೆ ಕಂಪ್ಯೂಟರಿನೊಳಗೆ ಕೂತು ಎಲ್ಲ ಲೆಕ್ಕ ಮಾಡುವ, ಬಿಸ್ಕತ್ತಿನಷ್ಟು ಅಗಲದ ಚಿಪ್. ನನ್ನ ಮೊದಲ ಅಭ್ಯರ್ಥಿ, ಭಾಗಾಕಾರ ತಪ್ಪು ಮಾಡುತ್ತಿದ್ದ ಪ್ರೊಸೆಸರ್. ಕೆಲವು ಅಪರೂಪದ ಸಂಖ್ಯೆಗಳನ್ನು ಭಾಗಿಸಿದಾಗ ದಶಾಂಶದಾಚೆ ಎಲ್ಲೋ ಅದರ ಉತ್ತರ ಅಡ್ಡದಾರಿ ಹಿಡಿಯುತ್ತಿತ್ತು. ಎರಡನೆಯದು, ಅಗ್ಗವಾಗಲಿ ಎಂದು ಒಳಗಿನ ಪುಟ್ಟ ನೆನಪಿನ ಜಾಗವನ್ನೇ ತೆಗೆದುಹಾಕಿ ಮಾರಿದ ಪ್ರೊಸೆಸರ್. ಅದು ಒಗ್ಗರಣೆ ಡಬ್ಬಿಯೇ ಇಲ್ಲದ ಅಡುಗೆಮನೆಯಂತೆ, ಪ್ರತಿ ಸಾಸಿವೆ ಕಾಳಿಗೂ ಅಂಗಡಿಗೆ ಓಡಬೇಕು. ಮೂರನೆಯದು, ತಲೆಯ ಮೇಲಿನ ಫ್ಯಾನು ಕಳಚಿದರೆ ಕ್ಷಣದಲ್ಲಿ ಸುಟ್ಟು ಕರಕಲಾಗುತ್ತಿದ್ದ ಪ್ರೊಸೆಸರ್. ಹೀಗೆ ಪಟ್ಟಿ ದಿನದಿನಕ್ಕೂ ಬೆಳೆಯುತ್ತಿತ್ತು.

ಅಪ್ಪಾರಾವು ಗಾರಿಗೆ ಈ ಯಾವುದರ ಮುಖಪರಿಚಯವೂ ಇರಲಿಲ್ಲ. ಆದರೂ ಜಡ್ಜಿಯ ಹಾಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. “ಅದರಿಂದ ಯಾರಿಗೆ ಏನು ಕಷ್ಟ ಆಯ್ತು, ಅದು ಹೇಳಿ ಬಾಬು” ಎನ್ನುವುದು ಅವರ ಖಾಯಂ ಪ್ರಶ್ನೆ. ಭಾಗಾಕಾರದ ತಪ್ಪಿನಿಂದ ಯಾರದೂ ಹಡಗು ಮುಳುಗಿಲ್ಲ ಎಂದು ತಿಳಿದಾಗ ಅದನ್ನು ಒಂದನೆಯ ಸ್ಥಾನದಿಂದ ಐದಕ್ಕೆ ಇಳಿಸಿದರು. ನಾನು ಒಂದು ವಾರ ವಾದಿಸಿದೆ. ಅವರು ಕದಲಲಿಲ್ಲ.

ನನ್ನ ಪಟ್ಟಿಯಿಂದ ಒಂದು ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೆ. ನಮ್ಮ ಕಚೇರಿಯ ಹನ್ನೆರಡು ಕಂಪ್ಯೂಟರುಗಳಲ್ಲಿದ್ದ ಪ್ರೊಸೆಸರ್. ಅದನ್ನು ಆರಿಸಿದವನು ನಾನೇ. ವೇಗದ ಅಂಕಿ ದೊಡ್ಡದಿದ್ದರೆ ಎಲ್ಲವೂ ದೊಡ್ಡದು ಎಂದು ನಂಬಿದ್ದ ಕಾಲ ಅದು. “ಇದು ಬಹಳ ಬಿಸಿಯಾಗುತ್ತದಂತೆ, ಬೇರೆ ನೋಡೋಣ” ಎಂದು ಮ್ಯಾನೇಜರ್ ಶೇಷಗಿರಿರಾವು ಗಾರು ಹೇಳಿದ್ದರು. ನಾನು ಎಲ್ಲರೆದುರು ಎದ್ದು ನಿಂತು ಅರ್ಧ ಗಂಟೆ ಭಾಷಣ ಮಾಡಿ ಅವರ ಬಾಯಿ ಮುಚ್ಚಿಸಿದ್ದೆ. ವಿಜಯವಾಡದ ಅಂಗಡಿಯೊಂದರಿಂದ ಹನ್ನೆರಡು ಡಬ್ಬಗಳೂ ಬಂದಿಳಿದಾಗ, ಮದುಮಗಳನ್ನು ಇಳಿಸಿಕೊಂಡಷ್ಟು ಸಡಗರದಿಂದ ಇಳಿಸಿಕೊಂಡಿದ್ದೆ.

ಚಳಿಗಾಲ ಚೆನ್ನಾಗಿಯೇ ಕಳೆಯಿತು. ಏಪ್ರಿಲ್ ಬಂದ ಮೇಲೆ ಅಪ್ಪಾರಾವು ಗಾರ ಕಾಗದಗಳು ತಡವಾಗತೊಡಗಿದವು. ಅವರ ಮೇಜು ಪಶ್ಚಿಮದ ಕಿಟಕಿಯ ಬುಡದಲ್ಲಿತ್ತು. ಮೂರು ಗಂಟೆಗೆ ಹೋಗಬೇಕಾದ ಪತ್ರ ಐದಕ್ಕೆ ಹೋಗುತ್ತಿತ್ತು. ಹೊರಗೆ ಹಡಗು ಕಾಯುತ್ತಿದ್ದರೆ ಒಳಗೆ ಫೋನಿನ ಮೇಲೆ ಫೋನು. ಬೇರೆಯವರ ಕಂಪ್ಯೂಟರುಗಳು ನೆಟ್ಟಗೇ ಇದ್ದುದರಿಂದ ತಪ್ಪು ಅವರ ಕೈಯದೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಎಲ್ಲರಿಗಿಂತ ಮೊದಲು ಒಪ್ಪಿಕೊಂಡವರು ಅಪ್ಪಾರಾವು ಗಾರೇ. “ನನ್ನ ಕೈ ನಿಧಾನ ಆಗಿದೆ ಬಾಬು. ವಯಸ್ಸು” ಎಂದರು.

ಮೇ ತಿಂಗಳಲ್ಲಿ ಮ್ಯಾನೇಜರು ಅವರನ್ನು ಕರೆದು, ಒಂದನೇ ತಾರೀಖಿನಿಂದ ಹಿಂದಿನ ಫೈಲು ಕೋಣೆಯಲ್ಲಿ ಕೂತುಕೊಳ್ಳಿ ಎಂದರು. ನಿವೃತ್ತಿಗೆ ಇನ್ನೂ ಎಂಟು ತಿಂಗಳಿತ್ತು. ಹಡಗು ಬಂದಾಗ ಕ್ಯಾಪ್ಟನ್ನುಗಳೇ ಹೆಸರು ಹಿಡಿದು ವಿಚಾರಿಸುತ್ತಿದ್ದ ಮನುಷ್ಯ ಅವರು. “ಪರವಾಗಿಲ್ಲ ಬಾಬು, ಅಲ್ಲಿ ತಣ್ಣಗಿರುತ್ತೆ” ಎಂದು ನನಗೇ ಸಮಾಧಾನ ಹೇಳಿದರು.

ಅದರ ಮಾರನೆಯ ದಿನ ಅವರು ರಜೆಯಲ್ಲಿದ್ದರು. ಮಧ್ಯಾಹ್ನ ನಾನು ಅವರ ಜಾಗದಲ್ಲಿ ಕೂತು ಒಂದು ಕಾಗದ ಟೈಪು ಮಾಡಹೊರಟೆ. ಅಕ್ಷರ ಒತ್ತಿದೆ. ಪರದೆಯ ಮೇಲೆ ಏನೂ ಇಲ್ಲ. ಮತ್ತೆ ಒತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಎರಡೂ ಅಕ್ಷರ ಒಟ್ಟಿಗೆ ಮೂಡಿದವು. ಅರ್ಧ ಪುಟ ಮುಗಿಸುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವರ ಕೈ ನಿಧಾನವಾಗಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾಯಿತು.

ಗೊತ್ತಾದದ್ದನ್ನು ಎದ್ದುಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಆ ಅರ್ಧ ಗಂಟೆಯ ಭಾಷಣ ನೆನಪಾಗುವುದು ಮ್ಯಾನೇಜರಿಗೆ ಮಾತ್ರವಲ್ಲ, ಇಡೀ ಕಚೇರಿಗೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಮ್ಯಾನೇಜರು ಸಿಟ್ಟಿನಲ್ಲಿದ್ದರು. ನಾಡಿದ್ದು ಅವರು ನಗುತ್ತಿದ್ದರು, ಆ ನಗು ಕೆಡಿಸಲು ಮನಸ್ಸಾಗಲಿಲ್ಲ. ಹೀಗೆ ಒಂದು ವಾರ ಹೋಯಿತು. ಚಹಾದಂಗಡಿಯಲ್ಲಿ ಆ ವಾರವೆಲ್ಲ ನಾನು ದೂರದೇಶದ ಪ್ರೊಸೆಸರುಗಳನ್ನು ಎಂದಿಗಿಂತ ಜೋರಾಗಿ ಬೈದೆ.

ಭಾನುವಾರ ಸಂಜೆ ಕಾಫಿ ಕುಡಿಯುವಾಗ ನಾಗರತ್ನಳಿಗೆ ಹೇಳಿಬಿಟ್ಟೆ. ಅವಳು ಲೋಟ ಕೆಳಗಿಟ್ಟಳು.

“ಲೋಕದಾಗಿರೋ ಕಂಪ್ಯೂಟರಿಗೆಲ್ಲ ತೀರ್ಪು ಕೊಡ್ತೀರಿ. ನೀವೇ ತಂದಿದ್ದಕ್ಕೆ ಬಾಯಿ ಬಿಡಾಕ ಆಗಲ್ಲೇನ್ರಿ?”

“ಮರ್ಯಾದಿ ಪ್ರಶ್ನೆ ಕಣೆ.”

“ಅವರಿಗೇನು ಮರ್ಯಾದಿ ಇಲ್ಲೇನು? ಮೊನ್ನೆ ಅವರ ಹೆಂಡ್ತಿ ಸಿಕ್ಕಿದ್ರು. ದಿನಾ ಬೆರಳಿಗೆ ಎಣ್ಣಿ ತಿಕ್ಕಿ ಕಳಸ್ತಾರಂತೆ. ಕಣ್ಣಿನ ಡಾಕ್ಟರ ಹತ್ರನೂ ಹೋಗಿ ಬಂದ್ರಂತೆ.”

ಕಾಫಿ ಅಲ್ಲೇ ಬಿಟ್ಟು ಎದ್ದೆ, ಕಚೇರಿಯ ಕಾವಲುಗಾರನಿಂದ ಬೀಗ ತೆಗೆಸಿ ಅವರ ಕಂಪ್ಯೂಟರನ್ನು ಮನೆಗೆ ತಂದೆ.

ಮಾರನೆಯ ದಿನವೇ ಅಪ್ಪಾರಾವು ಗಾರ ಕಂಪ್ಯೂಟರಿನ ಡಬ್ಬವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ವಿಜಯವಾಡದ ಬೆಳಗಿನ ರೈಲು ಹತ್ತಿದೆ. ವಾಪಸು ಕೊಟ್ಟು ಬೇರೆಯದು ತರುವುದು, ಆಮೇಲೆ ಮ್ಯಾನೇಜರಿಗೆ ಹೇಳುವುದು ಎಂದು ಯೋಚನೆ. ತಪ್ಪೊಪ್ಪಿಗೆಗೂ ಕೈಯಲ್ಲೊಂದು ಹೊಸ ಡಬ್ಬವಿದ್ದರೆ ಧೈರ್ಯ. ರಾಜಮಂಡ್ರಿಯ ಹತ್ತಿರ ರೈಲು ಗೋದಾವರಿ ದಾಟುವಾಗ ಎದುರಿಗೆ ಕೂತ ಅಜ್ಜಿ ನದಿಗೆ ಕೈಮುಗಿದು, ನನ್ನ ತೊಡೆಯ ಮೇಲಿನ ಗಂಟು ನೋಡಿ, “ಯಾವ ದೇವರು ನಾಯನಾ?” ಎಂದು ಕೇಳಿದರು.

ವಿಜಯವಾಡದ ಮೇ ತಿಂಗಳನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಸ್ಟೇಷನ್ನಿನಿಂದ ಗವರ್ನರ್ ಪೇಟೆಯ ಅಂಗಡಿ ಮುಟ್ಟುವಷ್ಟರಲ್ಲಿ ನಾನು ಅರ್ಧ ಕರಗಿದ್ದೆ. ಅಂಗಡಿಯ ಒಡತಿ ರಾಜ್ಯಲಕ್ಷ್ಮಿ ಗಾರು ಐವತ್ತು ದಾಟಿದವರು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಸ್ಕ್ರೂಡ್ರೈವರ್. ಮಧ್ಯಾಹ್ನದ ಬಿಸಿಲಿಗೆ ಅರ್ಧ ಶಟರ್ ಎಳೆದು ಒಳಗೆ ಕೂತಿದ್ದರು. ನಾನು ಬಗ್ಗಿ ಒಳಗೆ ಹೋಗಿ ಡಬ್ಬವನ್ನು ಮೇಜಿನ ಮೇಲಿಟ್ಟು, “ಈವರೆಗೆ ತಯಾರಾದ ಪ್ರೊಸೆಸರುಗಳಲ್ಲೆಲ್ಲ ಅತಿ ಕೆಟ್ಟದ್ದು ಇದೇ ನೋಡಿ” ಎಂದು ಶುರುಮಾಡಿದೆ.

“ಮೊದಲು ಮಜ್ಜಿಗೆ ಕುಡಿಯಿರಿ” ಎಂದರು ಅವರು.

ಕುಡಿದೆ. ನನ್ನ ಪಟ್ಟಿಯನ್ನು ಮೊದಲಿನಿಂದ ಒಪ್ಪಿಸಿದೆ. ಅವರು ಸ್ಕ್ರೂ ಬಿಚ್ಚುತ್ತಲೇ ಎಲ್ಲ ಕೇಳಿಸಿಕೊಂಡು, “ಇದನ್ನ ಎಲ್ಲಿ ಕೂರಿಸಿದ್ದಿರಿ?” ಎಂದರು.

ಕಿಟಕಿಯ ಹತ್ತಿರ ಎಂದೆ. ಯಾವ ಕಿಟಕಿ ಎಂದರು. ಪಶ್ಚಿಮದ್ದು ಎಂದೆ. ಮೇಲೆ ಏನಾದರೂ ಹೊದಿಸಿದ್ದಿರಾ ಎಂದರು. ಅಪ್ಪಾರಾವು ಗಾರ ಹೆಂಡತಿ ಧೂಳು ಬೀಳದಿರಲಿ ಎಂದು ಹೂವಿನ ಕಸೂತಿ ಹಾಕಿ ಹೊಲಿದುಕೊಟ್ಟಿದ್ದ ದಪ್ಪ ಬಟ್ಟೆಯ ನೆನಪಾಯಿತು. ಅದು ಗಾಳಿಯ ಕಿಂಡಿಗಳನ್ನೆಲ್ಲ ಮುಚ್ಚಿಕೊಂಡು ಹಗಲಿಡೀ ಅಲ್ಲೇ ಇರುತ್ತಿತ್ತು. ಅಷ್ಟರಲ್ಲಿ ಅವರು ಡಬ್ಬದ ಮುಚ್ಚಳ ತೆಗೆದು ಒಳಗೆ ಗಾಳಿ ಊದಿದರು. ಕೆಂಪು ಧೂಳು ಮೋಡದ ಹಾಗೆ ಎದ್ದಿತು. ಬಂದರಿನಲ್ಲಿ ಹಡಗಿಗೆ ತುಂಬುವ ಕಬ್ಬಿಣದ ಅದಿರಿನ ಧೂಳು.

“ಇದೇನು ಕುಂಕುಮದ ಅಂಗಡೀಲಿ ಇಟ್ಟಿದ್ರಾ?” ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಧೂಳು ಒರೆಸಿದರು. ಪ್ರೊಸೆಸರಿಗೂ ಅದರ ಮೇಲಿನ ಲೋಹದ ಗಟ್ಟಿಗೂ ನಡುವೆ ಒಣಗಿ ಬಿರುಕುಬಿಟ್ಟಿದ್ದ ಲೇಪವನ್ನು ಕೆರೆದು, ಹೊಸದಾಗಿ ಬಿಳಿ ಲೇಪ ಹಚ್ಚಿದರು. “ನಿಮ್ಮ ಸಿಂಹಾಚಲದ ಸ್ವಾಮಿಗೆ ತಂಪಿಗೆ ಅಂತ ಗಂಧ ಹಚ್ಚಲ್ವಾ, ಇದೂ ಹಾಗೇ” ಎಂದರು. ಆಮೇಲೆ ಕಂಪ್ಯೂಟರ್ ಶುರುಮಾಡಿದರು. ಕುದುರೆಯ ಹಾಗೆ ಓಡಿತು. ನಾನು ನೋಡುತ್ತಿರುವಂತೆಯೇ ಫ್ಯಾನಿನ ವೈರು ಕಿತ್ತರು. ಸ್ವಲ್ಪ ಹೊತ್ತಿನಲ್ಲೇ ಅದು ತೆವಳತೊಡಗಿತು. ವೈರು ಸಿಕ್ಕಿಸಿದರು, ಮತ್ತೆ ಓಡಿತು.

“ಇದಕ್ಕೆ ರೋಗ ಏನಿಲ್ಲ ಸಾರ್. ಬಿಸಿ ತಡೆಯಕ್ಕಾಗದೆ ಇದ್ದಾಗ ತಾನೇ ನಿಧಾನ ಮಾಡ್ಕೊಳ್ಳುತ್ತೆ. ಇಲ್ಲದಿದ್ರೆ ಸುಟ್ಟುಹೋಗುತ್ತೆ. ಬೆಜವಾಡದಲ್ಲಿ ನಾವೆಲ್ಲ ಬದುಕಿರೋದೂ ಹೀಗೇ” ಎಂದು ಅರ್ಧ ಎಳೆದ ಶಟರಿನ ಕಡೆ ಕೈ ತೋರಿಸಿದರು. ಬೆಜವಾಡ ಎಂದರೆ ವಿಜಯವಾಡದ ಹಳೆಯ ಹೆಸರು.

ವಾಪಸು ಬರುವಾಗ ನನ್ನ ಕೈಯಲ್ಲಿದ್ದದ್ದು ಅದೇ ಹಳೆಯ ಡಬ್ಬ. ಮರುದಿನ ಬೆಳಿಗ್ಗೆ ಅದನ್ನು ಎತ್ತಿಕೊಂಡೇ ಮ್ಯಾನೇಜರ ಕೋಣೆಗೆ ಹೋದೆ. ಯಂತ್ರ ಬಿಸಿಯಾಗಿ ನಿಧಾನವಾಗುತ್ತಿತ್ತು, ಅಪ್ಪಾರಾವು ಗಾರ ಕೈಯಲ್ಲಿ ದೋಷವಿರಲಿಲ್ಲ, ಇದು ನನಗೆ ಒಂದು ವಾರದಿಂದ ಗೊತ್ತಿತ್ತು, ಬಿಸಿಯ ವಿಷಯದಲ್ಲಿ ನಿಮ್ಮ ಮಾತೇ ಸರಿ ಎಂದು ಒಂದೇ ಉಸಿರಿಗೆ ಹೇಳಿದೆ. ಶೇಷಗಿರಿರಾವು ಗಾರು ಪೆನ್ನು ಕೆಳಗಿಟ್ಟರು.

“ಕೊನೇ ಮಾತು ಇನ್ನೊಂದ್ಸಲ ಹೇಳಿ” ಎಂದರು. ಹೇಳಿದೆ. ಅವರ ಮುಖ ಅರಳಿತು. ಮನುಷ್ಯರು ಇಷ್ಟು ಸುಲಭದ ಬೆಲೆಗೆ ಕ್ಷಮಿಸುತ್ತಾರೆಂದು ಗೊತ್ತಿದ್ದರೆ ಎಂದೋ ಹೇಳಿಬಿಡುತ್ತಿದ್ದೆ.

ಅಪ್ಪಾರಾವು ಗಾರ ಮೇಜನ್ನು ಒಳಗಿನ ಗೋಡೆಗೆ ಸರಿಸಿದೆವು. ಕಸೂತಿ ಬಟ್ಟೆಯನ್ನು ಮಡಿಸಿ ಅವರ ಕೈಗೆ ಕೊಟ್ಟು, ಸಂಜೆ ಕಂಪ್ಯೂಟರ್ ಆರಿಸಿದ ಮೇಲೆ ಮಾತ್ರ ಹೊದಿಸಿ ಎಂದೆ. ಆ ದಿನ ಅದಿರಿನ ಹಡಗೊಂದು ಕಾಯುತ್ತಿತ್ತು. ಅದರ ಕಾಗದಪತ್ರ ಎರಡೂವರೆಗೆಲ್ಲ ಮುಗಿದು ಮ್ಯಾನೇಜರ ಮೇಜಿನ ಮೇಲಿತ್ತು. ಫೈಲು ಕೋಣೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆದರೆ ಅಪ್ಪಾರಾವು ಗಾರು ಚಹಾದಂಗಡಿಗೆ ಬರಲಿಲ್ಲ. ಮರುದಿನವೂ ಇಲ್ಲ. ಒಂದು ವಾರದಿಂದ ನನಗೆ ಗೊತ್ತಿತ್ತು ಎಂಬುದನ್ನು ನಾನೇ ಅವರಿಗೂ ಹೇಳಿದ್ದೆ. ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡಿದ್ದರು. ಎರಡು ದಿನ ಒಬ್ಬನೇ ಚಹಾ ಕುಡಿದೆ. ಬೈಯಲು ಒಂದು ಪ್ರೊಸೆಸರೂ ನೆನಪಾಗಲಿಲ್ಲ.

ಮೂರನೆಯ ದಿನ ಹನ್ನೊಂದಕ್ಕೆ ಅವರು ಬಂದು ಪಕ್ಕದಲ್ಲಿ ಕೂತರು. ಚಹಾ ಬಂತು. ಅರ್ಧ ಲೋಟ ಕುಡಿದರು.

“ಪಟ್ಟಿಗೆ ಇನ್ನೊಂದು ಸೇರಿಸಿ ಬಾಬು” ಎಂದರು ಕಣ್ಣು ಮುಚ್ಚಿಕೊಂಡು.

“ಯಾವುದು?”

“ಉತ್ತರ ಗೊತ್ತಿದ್ದೂ ಹೇಳೋಕೆ ಒಂದು ವಾರ ತಗೊಂಡದ್ದು.”

ನಾನು ತಲೆ ತಗ್ಗಿಸಿದೆ. “ಮೊದಲನೇ ಸ್ಥಾನವೇ?”

ಅವರು ಬೆರಳು ಮಡಿಸಿ ಎಣಿಸಿದರು. “ಇಲ್ಲ. ತಡವಾದರೂ ಸರಿಯಾದ ಉತ್ತರ ಬಂತು. ಮೂರನೇದು ಸಾಕು.”

ಹಾಗಾದರೆ ಮೊದಲ ಎರಡು ಯಾವುವು ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು ಎದ್ದರು. ಈಗ ಎಣ್ಣೆಯ ಗುರುತಿಲ್ಲದ ಬೆರಳುಗಳಿಂದ ಅಂಗಿಯ ಮೇಲಿನ ಕೆಂಪು ಧೂಳು ಕೊಡವಿಕೊಂಡರು.

“ನಿವೃತ್ತಿಗೆ ಇನ್ನೂ ಎಂಟು ತಿಂಗಳಿದೆಯಲ್ಲ ಬಾಬು” ಎಂದರು. “ನಿಧಾನವಾಗಿ ಚರ್ಚೆ ಮಾಡೋಣ.”